ಎರಡು ಬಿಲ್ಲೆ, ಒಂದು ಕೈ

ಫೆಬ್ರವರಿ ೨೫, ೨೦೧೪. ಮಂಗಳವಾರ, ಬೆಳಿಗ್ಗೆ ಹತ್ತು

ನಿವೃತ್ತಿ ನಿಧಿಯ ಕಚೇರಿಗೆ ಕಳುಹಿಸಿದ ಪತ್ರದ ನಕಲು, ಎಂದಿನಂತೆ ಇಲ್ಲಿಯೂ:

“ಮಾನ್ಯರೇ, ಜನವರಿ ೧೪ರ ನನ್ನ ಪತ್ರದಲ್ಲಿ ನುಸುಳಿದ ತಪ್ಪಿಗಾಗಿ ಕ್ಷಮೆ ಕೋರುತ್ತೇನೆ. ಬಿಲ್ಲೆ ಸಂಖ್ಯೆ ೨೧೭ರ ಗಣಿಗಾರನು ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡದ್ದು ೧೯೯೫ರಲ್ಲಿ ಎಂದು ಬರೆದಿದ್ದೆ. ೧೯೯೮ ಎಂದಿರಬೇಕಿತ್ತು. ವಯಸ್ಸಾದ ಕಣ್ಣಿನ ದೋಷ. — ಬಾತಿಮಾ ಒತೆಗೆನೊವಾ, ಎಂಟನೆಯ ಗಣಿಯ ದೀಪದ ಕೋಣೆಯ ನಿವೃತ್ತ ಮೇಲ್ವಿಚಾರಕಿ. ಕಾರ್ಮಿಕ ಸಂಘದ ದಾಖಲೆ ಕಾರ್ಯದರ್ಶಿ.”

ಕಣ್ಣಿನಲ್ಲಿ ದೋಷವಿಲ್ಲ. ಜನವರಿಯ ಪತ್ರದಲ್ಲಿ ತಪ್ಪೂ ಇರಲಿಲ್ಲ. ತಪ್ಪಿರುವುದು ಈ ಪತ್ರದಲ್ಲಿ.

೨೧೭ ನನ್ನ ಮೈದುನನದು. ಅವನಿಗೆ ಉಸಿರಾಟದ ಯಂತ್ರ ಬೇಕಾಗಿತ್ತು. ಹಳೆಯ ಗಾಯಗಳ ವಿವರ ಕೊಡಿ ಎಂದು ನಿಧಿಯವರು ಕೇಳಿದರು. ಕೇಳಿದವರಿಗೆ ಸರಿಯಾದ ದಿನಾಂಕ ಕೊಡುವುದು ಕೈಗೆ ಅಂಟಿದ ಅಭ್ಯಾಸ. ಕೊಟ್ಟೆ. ೧೯೯೫, ಜನವರಿ ೯. ಅಂಚೆಗೆ ಹಾಕಿ ಮನೆ ಸೇರಿದ ಮೇಲೆ ಹೊಳೆಯಿತು... ಅಂದು ಅವನು ಸುರಂಗದಲ್ಲಿದ್ದನೆಂದು ದೀಪದ ಕೋಣೆಯ ನನ್ನ ವಹಿ ಹೇಳುತ್ತದೆ. ಅಂದು ಮಾತ್ರವಲ್ಲ. ಆಗಸ್ಟ್ ೧೧ರವರೆಗೆ, ಪಾಳಿ ತಪ್ಪದೆ.

ಫೆಬ್ರವರಿ ೨೮. ಗುರುವಾರದ ಮರುದಿನ

ಸಂಘದ ಸಭೆ, ಶಾಲೆಯ ಊಟದ ಮನೆಯಲ್ಲಿ. ಅಧ್ಯಕ್ಷ ಒರಾಲ್‌ಬಾಯ್ ನಿಧಿಯ ಪ್ರಕಟಣೆಯನ್ನು ಎರಡು ಸಲ ಓದಿದ. ಎರಡನೆಯ ಸಲವೂ ಅದೇ ಇತ್ತು. ನಿಧಿ ಬತ್ತುತ್ತಿದೆ. ವಂತಿಗೆ ತುಂಬುವ ಗಣಿ ಈಗ ಒಂದೇ ಒಂದು, ಪಡೆಯುವವರು ನಾಲ್ಕು ಮುಚ್ಚಿದ ಗಣಿಗಳವರು. ಆದ್ದರಿಂದ ಏಪ್ರಿಲ್‌ನಿಂದ, ನೆಲದಡಿ ಪೂರ್ತಿ ಹತ್ತು ವರ್ಷ ದುಡಿದದ್ದಕ್ಕೆ ದಾಖಲೆ ಇರುವವರಿಗೆ ಮಾತ್ರ ನಿವೃತ್ತಿವೇತನ.

“ದಾಖಲೆಯಂತೆ! ನನ್ನ ಎದೆ ಬಗೆದು ನೋಡ್ಲಿ, ಹತ್ತು ವರ್ಷದ ಕಲ್ಲಿದ್ದಲು ಅಲ್ಲೇ ಇದೆ,” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

“ಅದನ್ನೂ ತೂಕಕ್ಕೆ ಹಾಕಿ ಮಾರ್ಕೋತಾರೆ, ಸುಮ್ನಿರಪ್ಪ,” ಎಂದಳು ನೆಲ್ಲಿ. ಅವಳ ಗಂಡ ಬಿಟ್ಟುಹೋದದ್ದು ಆ ನಿವೃತ್ತಿವೇತನವೊಂದನ್ನೇ.

ಗಣಿ ಮುಚ್ಚಿದ ವರ್ಷವೇ ಕಚೇರಿಯ ಕಾಗದಗಳು ನೀರುಪಾಲಾದವು. ಉಳಿದಿರುವುದು ನನ್ನ ಹದಿನೇಳು ವಹಿಗಳು. ಇಳಿಯುವವನು ದೀಪದ ಜೊತೆ ತನ್ನ ಹಿತ್ತಾಳೆ ಬಿಲ್ಲೆಯನ್ನು ಪಡೆಯುತ್ತಾನೆ. ಹಲಗೆಯಲ್ಲಿ ಅದು ತೂಗುತ್ತಿದ್ದ ಮೊಳೆ ಬರಿದಾಗುತ್ತದೆ. ಮೇಲೆ ಬಂದವನು ಬಿಲ್ಲೆ ಒಪ್ಪಿಸುತ್ತಾನೆ, ಮೊಳೆ ತುಂಬುತ್ತದೆ. ಎರಡನ್ನೂ ಬರೆಯುವವಳು ನಾನು. ಒರಾಲ್‌ಬಾಯ್ ಎಲ್ಲರೆದುರು ನನ್ನತ್ತ ಕೈ ಚಾಚಿದ:

“ನಲವತ್ತೊಂದು ಮನೆ ಒಲೆ ಬಾತಿಮಕ್ಕನ ಪೆಟ್ಟಿಗೇಲಿದೆ. ಅಕ್ಕನ ಬರಹ ಅಂದ್ರೆ ಕಲ್ಲಿನ ಮೇಲಿನ ಗೀರು. ಒಂದು ಚಿತ್ತು ತೋರಿಸ್ಲಿ ನೋಡೋಣ!”

ಚಿತ್ತಿಲ್ಲ. ಅದು ನಿಜ.

ಮಾರ್ಚ್ ೫. ಬುಧವಾರ, ಸಂಜೆ

ಮೈದುನ ಬಂದಿದ್ದ. ಎರಡು ಮಹಡಿ ಹತ್ತಲು ಕಾಲು ಗಂಟೆ. ಬಾಗಿಲಲ್ಲಿ ನಿಂತು ಉಸಿರು ಕೂಡಿಸಿಕೊಂಡು:

“ಅತ್ತಿಗೆ, ಬಾಗಿಲು ತಟ್ಟಿದ್ದು ಯಾರು ಅಂತ ಕೇಳಿ.”

“ಯಾರು?”

“ನೀವೇ ಹೇಳಿ, ಹೆಸರು ಹಿಡಿದು.”

“ಒಳಗೆ ಬಾ, ಚಿಕ್ಕ ದೊರೆ. ಚಹಾ ಆರುತ್ತೆ.”

“ಸೋತೆ,” ಎಂದು ನಕ್ಕ. ಕೆಮ್ಮಿದ. ನಕ್ಕದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು.

ಸೊಸೆಯಾಗಿ ಈ ಮನೆಗೆ ಬಂದಾಗ ಅವನಿಗೆ ಹದಿನಾಲ್ಕು. ಗಂಡನ ಕಡೆಯವರ ಹೆಸರನ್ನು ಸೊಸೆ ನುಡಿಯಬಾರದು. ಒಬ್ಬೊಬ್ಬರಿಗೂ ಬೇರೆ ಹೆಸರಿಟ್ಟುಕೊಳ್ಳಬೇಕು. ಅವನಿಗೆ ಚಿಕ್ಕ ದೊರೆ ಎಂದಿಟ್ಟೆ. ಅಂದಿನಿಂದ ಮೂವತ್ತೆಂಟು ವರ್ಷ, ನನ್ನ ಬಾಯಿಂದ ತನ್ನ ಹೆಸರು ಹೊರಡಿಸಲು ಅವನು ಹೂಡದ ಆಟವಿಲ್ಲ. ಆ ಹೆಸರಿನ ಮೊದಲರ್ಧ ನಮ್ಮ ಮಾತಿನಲ್ಲಿ ವಾರದ ಒಂದು ದಿನ. ಆ ದಿನವನ್ನೂ ಬರೆಯುವುದಿಲ್ಲ. ಗುರುವಾರದ ಮರುದಿನ ಎನ್ನುತ್ತೇನೆ. ವಹಿಯಲ್ಲಿ ೨೧೭ರ ಮುಂದೆ ಹೆಸರು ಬರೆದದ್ದೂ ನನ್ನ ಗಂಡನೇ. ಆಮೇಲೆ ನನಗೆ ಸಂಖ್ಯೆ ಸಾಕಾಯಿತು.

ಪತ್ರದ ವಿಷಯ ತಿಳಿಸಿದೆ. ಕರಿದ ಬಾವುರ್ಸಾಕ್ ಉಂಡೆಯನ್ನು ಚಹಾದಲ್ಲಿ ಅದ್ದುತ್ತ ಕುಳಿತ.

“ಸುಳ್ಳು ಹೇಳೋಕೆ ನಿಮಗೆ ಬರಲ್ಲ, ಅತ್ತಿಗೆ. ಕಣ್ಣಿನ ದೋಷ ಅಂತೆ! ಮಂಜಿನಾಚೆ ನಿಂತಿರೋ ಕುರಿ ಎಣಿಸೋ ಕಣ್ಣು ಅದು.”

“ನೀನು ಮದುವೆ ಮನೇಲಿ ಮೇಕೆಗೋಸ್ಕರ ಕುದುರೆಯಿಂದ ಬೀಳದೆ ಇದ್ದಿದ್ರೆ?”

“ಬಿದ್ದೆ ನಿಜ. ಆದ್ರೆ ಮೇಕೆ ಬಿಡಲಿಲ್ಲ!”

ಕುದುರೆ ಸವಾರರು ಮೇಕೆಯ ಮುಂಡಕ್ಕಾಗಿ ಕಿತ್ತಾಡುವ ಆಟ. ಆ ಮುಂಡವನ್ನು ತೊಡೆಯಡಿ ಅವುಚಿಕೊಂಡೇ ಬಿದ್ದಿದ್ದ. ಆ ವರ್ಷ ತಿಂಗಳು ಪೂರ್ತಿ ಬಾರದವರನ್ನು ಗಣಿಯಿಂದ ತೆಗೆದುಹಾಕುತ್ತಿದ್ದರು. ಅಂದಿನ ರಾತ್ರಿ ಪಾಳಿಗೇ ನನ್ನ ಗಂಡ ದೀಪದ ಕೋಣೆಯ ಕಿಟಕಿಗೆ ಬಂದು ಎರಡು ಬೆರಳು ತೋರಿಸಿದ. ೨೧೬ ಅವನದು. ೨೧೭ ತಮ್ಮನದು. ಒಂದು ಕೈಗೆ ಎರಡು ಬಿಲ್ಲೆ ಕೊಟ್ಟೆ. ಏಳು ತಿಂಗಳು. ತಂಡದವರೆಲ್ಲ ಕಂಡರು, ತಮ್ಮನ ಪಾಲಿನ ಕೆಲಸ ಹಂಚಿಕೊಂಡು ಮಾಡಿದರು, ಯಾರೂ ಬಾಯಿ ಬಿಡಲಿಲ್ಲ. ಮೇಲೆ ಬಂದ ಮೇಲೆ ಎರಡನ್ನೂ ಒಪ್ಪಿಸುತ್ತಿದ್ದ. ಎರಡು ಮೊಳೆ ತುಂಬುತ್ತಿದ್ದೆ.

ಮಾರ್ಚ್ ೧೧. ಮಂಗಳವಾರ

ನಿಧಿಯಿಂದ ಪರಿಶೀಲಕಿ ಬಂದಿದ್ದಳು. ಹೆಸರು ಶಿನಾರ್. ಮೂವತ್ತರ ಆಸುಪಾಸು. ಬೂಟು ಬಾಗಿಲಲ್ಲೇ ಬಿಚ್ಚಿದಳು, ವಹಿಯನ್ನು ಎರಡೂ ಕೈಗಳಿಂದ ಪಡೆದಳು. ಒರಟಾಗಿದ್ದಿದ್ದರೆ ಸುಲಭವಾಗುತ್ತಿತ್ತು.

“ಅಮ್ಮಾ, ಜನವರೀಲಿ ತೊಂಬತ್ತೈದು ಅಂದ್ರಿ. ಈಗ ತೊಂಬತ್ತೆಂಟು ಅಂತೀರಿ. ಯಾವುದು?”

“ಎರಡನೇದು.”

“ಆಸ್ಪತ್ರೆಗೆ ಬರೆದಿದೀನಿ. ಅವರ ಹಳೇ ದಾಖಲೆ ಏಪ್ರಿಲ್ ಏಳಕ್ಕೆ ಕೈಗೆ ಸಿಗುತ್ತೆ.” ಸ್ವಲ್ಪ ತಡೆದು, ಸ್ವರ ಇಳಿಸಿದಳು. “ನಿಮಗೆ ಗೊತ್ತಿರ್ಲಿ ಅಂತ ಹೇಳ್ತೀನಿ. ಸುಳ್ಳು ಸಾಲು ಒಂದೇ ಒಂದು ನಾವಾಗಿ ಕಂಡುಹಿಡಿದ್ರೂ ವಹಿಗಳೆಲ್ಲ ರದ್ದು. ನಲವತ್ತೊಂದು ಹೆಸರೂ ಹೋಗುತ್ತೆ. ಮೇಲಿನವರು ಅದಕ್ಕೇ ಕಾಯ್ತಿದಾರೆ. ಅದಕ್ಕೆ ಮುಂಚೆ ನೀವೇ ತಿದ್ದುಪಡಿ ಬರೆದುಕೊಟ್ರೆ, ಹೋಗೋದು ಆ ಒಂದು ಹೆಸರು.”

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ೨೧೭ರ ಮೊದಲ ಪಾಳಿ ೧೯೮೭ರ ಆಗಸ್ಟ್ ೩. ಕೊನೆಯದು ಗಣಿ ಮುಚ್ಚಿದ ದಿನ, ೧೯೯೭ರ ಅಕ್ಟೋಬರ್ ೩೦. ಹತ್ತು ವರ್ಷದ ಮೇಲೆ ಮೂರು ತಿಂಗಳು, ಎರಡು ಮೂರು ದಿನ ಕಡಿಮೆ. ಅದರಲ್ಲಿ ಏಳು ತಿಂಗಳು ಕಳೆದರೆ ಒಂಬತ್ತು ವರ್ಷ ಏಳು ತಿಂಗಳು ಚಿಲ್ಲರೆ. ಹತ್ತಕ್ಕೆ ನಾಲ್ಕು ತಿಂಗಳು ಕಡಿಮೆ. ನಿವೃತ್ತಿವೇತನ ಹೋಗುತ್ತದೆ. ಅದರ ಜೊತೆಗೇ ನಿಧಿ ಕೊಟ್ಟ ಯಂತ್ರವನ್ನೂ ಹಿಂದಕ್ಕೆ ಪಡೆಯುತ್ತಾರೆ. ಯಂತ್ರವಿಲ್ಲದೆ ಅವನು ನೆಟ್ಟಗೆ ಮಲಗಲಾರ.

ಅವನನ್ನು ಕೊಟ್ಟರೆ ನಲವತ್ತು ಉಳಿಯುತ್ತವೆ. ಆ ನಲವತ್ತರಲ್ಲಿ ೨೧೬ ಕೂಡ ಇದೆ. ಗಂಡ ತೀರಿದ ಮೇಲೆ ನಾನು ಉಣ್ಣುತ್ತಿರುವ ಅನ್ನ ಅದು. ನೆಲ್ಲಿಯ ಹೆಸರು ಹೇಳಿ, ಒರಾಲ್‌ಬಾಯ್‌ನ ಹೆಸರು ಹೇಳಿ, ನನ್ನ ತಟ್ಟೆಯನ್ನೇ ಕಾಯ್ದುಕೊಳ್ಳುತ್ತಿದ್ದೇನೆಯೇ? ಬರೆದದ್ದನ್ನು ಓದಿದರೆ ಅಸಹ್ಯ.

ಬೇಡ. ಬರೆಯಲಾರೆ.

ಮಾರ್ಚ್ ೨೮. ಗುರುವಾರದ ಮರುದಿನ

ಹದಿನೇಳು ದಿನ ಈ ಪುಸ್ತಕ ತೆರೆಯಲಿಲ್ಲ. ಹೀಗೆ ಹಿಂದೆಂದೂ ಆಗಿರಲಿಲ್ಲ.

ವಸಂತದ ಹೊಸ ವರ್ಷದ ಹಬ್ಬದಂದು ಕೊಜೆ ಗಂಜಿ ಕುದಿಸಿದೆ. ನೆಲ್ಲಿ ಪಾತ್ರೆ ಹಿಡಿದು ಬಂದಳು. “ಅಕ್ಕಾ, ಈ ಸಲ ನಮ್ಮ ಹೆಸರು ಉಳಿಯುತ್ತೆ ಅಲ್ವಾ?” ಎಂದಳು. ಪಾತ್ರೆಯ ಕಂಠದವರೆಗೂ ಹೊಯ್ದು ಕೊಟ್ಟೆ.

ಮೈದುನ ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದು ಮನೆಗೆ ಬಂದಿದ್ದಾನೆ. ಮೊನ್ನೆ ವಹಿಯ ೧೯೯೫ರ ಹಾಳೆಯ ಮೇಲೆ ಚಾಕುವಿನ ತುದಿ ಇಟ್ಟು ಬಹಳ ಹೊತ್ತು ಕುಳಿತಿದ್ದೆ. ಹರಿದುಬಿಟ್ಟರೆ? ಇಲಿ ತಿಂದಿತೆಂದರೆ? ಆದರೆ ಪುಟಗಳಿಗೆ ಸಂಖ್ಯೆ ಹಾಕಿದವಳು ನಾನೇ. ಪುಟಪುಟಕ್ಕೂ, ಕೆಂಪು ಶಾಯಿಯಲ್ಲಿ.

ಏಪ್ರಿಲ್ ೩. ಗುರುವಾರ, ಮಧ್ಯಾಹ್ನ

ಬೆಳಿಗ್ಗೆಯೇ ಮೈದುನ ಬಂದ. ಯಂತ್ರವನ್ನು ಒರಾಲ್‌ಬಾಯ್ ಹೊತ್ತು ತಂದ. ಅವನನ್ನು ಕೆಳಕ್ಕೆ ಕಳುಹಿಸಿ, ಮೈದುನ ನನ್ನೆದುರು ಕುಳಿತ. ಅಂಗಿಯೊಳಗಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಹಿತ್ತಾಳೆ ಬಿಲ್ಲೆ. ೨೧೭. ಗಣಿ ಮುಚ್ಚಿದ ದಿನ ಒಪ್ಪಿಸಿರಲಿಲ್ಲ. ಆ ಮೊಳೆ ಬರಿದಾಗಿಯೇ ಉಳಿದಿತ್ತು. ಗಲಾಟೆಯಲ್ಲಿ ನಾನೂ ಬಿಟ್ಟಿದ್ದೆ.

“ತಗೊಳ್ಳಿ. ಮೇಲೆ ಬಂದೆ ಅಂತ ಬರೆದುಕೊಳ್ಳಿ.”

“ಚಿಕ್ಕ ದೊರೆ...”

“ಆ ಪರಿಶೀಲಕಿ ಸಂಘಕ್ಕೂ ತಿಳಿಸಿದಾಳೆ, ಒರಾಲ್‌ಬಾಯ್ ಎಲ್ಲ ಹೇಳಿದ. ನಲವತ್ತು ಮನೆ, ಅತ್ತಿಗೆ. ಅವತ್ತು ನನ್ನ ಪಾಲು ಅಗೆದವರೇ ಅವರು. ನನ್ನ ಸೊಂಟಕ್ಕೆ ಅವರು ಹೆಗಲು ಕೊಟ್ರು. ಈಗ ನಾನು ಅವರ ಊಟದ ಮೇಲೆ ಮಲಗಿರ್ಲಾ?”

“ಯಂತ್ರ ತಗೊಂಡು ಹೋಗ್ತಾರೆ ಕಣೋ.”

“ತಗೊಂಡು ಹೋಗ್ಲಿ. ಅದರ ಗೊರಕೆ ನನ್ನ ಗೊರಕೆಗಿಂತ ಜೋರು.” ನಾನು ನಗಲಿಲ್ಲವೆಂದು ಅವನೂ ನಿಲ್ಲಿಸಿದ. “ಒಂದೇ ಷರತ್ತು. ಸಂಖ್ಯೆ ಬರೆಯಬಾರದು. ನನ್ನ ಹೆಸರು ಬರೀಬೇಕು, ನಿಮ್ಮ ಕೈಯಿಂದಲೇ. ಮೂವತ್ತೆಂಟು ವರ್ಷ ಆಡಿದೀನಿ. ಒಂದು ಸಲ ಗೆಲ್ಲಿಸಿ.”

ಶಿನಾರ್‌ಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿದೆ. ನಾಳೆ ಸಂಜೆಯೊಳಗೆ ತಿದ್ದುಪಡಿ ಬೇಕೆಂದಳು. ನಲವತ್ತು ಹೆಸರು ಉಳಿಸುವುದಾಗಿ ಮಾತು ಕೊಟ್ಟಳು. ಎಷ್ಟು ಕಾಲ ಎಂದು ಕೇಳಿದೆ.

“ನಿಮಗೆ ಸುಳ್ಳು ಹೇಳಲ್ಲಮ್ಮ. ಅಕ್ಟೋಬರ್‌ವರೆಗೆ ನಿಧೀಲಿ ಇದೆ. ಆಮೇಲೆ... ನನಗೂ ಗೊತ್ತಿಲ್ಲ.”

ಅಕ್ಟೋಬರ್. ಏಳು ತಿಂಗಳು. ಇವನನ್ನು ಕೊಟ್ಟು ಕೊಳ್ಳುತ್ತಿರುವುದು ಅಷ್ಟನ್ನೇ.

ಅವನಿಗೆ ಇದನ್ನು ಹೇಳಲಿಲ್ಲ. ಕಿಟಕಿಯ ಬಳಿಯ ಮಂಚಕ್ಕೆ ಹಾಸಿಗೆ ಹಾಸಿದೆ. ಇನ್ನು ಇಲ್ಲಿಯೇ ಇರಲಿ. ಈಗ ನಿದ್ದೆಯಲ್ಲಿದ್ದಾನೆ, ಯಂತ್ರ ಇನ್ನೂ ಉಸಿರಾಡುತ್ತಿದೆ.

ಏಪ್ರಿಲ್ ೪. ಶುಕ್ರವಾರ

ತಿದ್ದುಪಡಿಯ ನಕಲು:

ಹೆಸರು: ಜುಮಾಬೆಕ್ ಒತೆಗೆನೊವ್. ಎಂಟನೆಯ ಗಣಿ.

೧೯೮೭ ಆಗಸ್ಟ್ ೩ — ಮೊದಲ ಪಾಳಿ. ಸರಿಯಾಗಿದೆ.

೧೯೯೫ ಜನವರಿ ೯ರಿಂದ ಆಗಸ್ಟ್ ೧೧ — ನೆಲದಡಿ ಇದ್ದನೆಂದಿದೆ. ಇರಲಿಲ್ಲ. ಬಿಲ್ಲೆ ಕೊಟ್ಟವಳು ನಾನು.

೨೦೧೪ ಜನವರಿ ೧೪ — ನನ್ನ ಪತ್ರ. ಅದರಲ್ಲಿ ತಪ್ಪಿಲ್ಲ.

೨೦೧೪ ಫೆಬ್ರವರಿ ೨೫ — ನನ್ನ ಪತ್ರ. ಕಣ್ಣಿನ ದೋಷವಲ್ಲ.

೧೯೯೭ ಅಕ್ಟೋಬರ್ ೩೦ — ಕೊನೆಯ ಪಾಳಿ. ಮೇಲೆ ಬಂದದ್ದನ್ನು ಬರೆದಿಲ್ಲ. ಬರೆಯಬೇಕಾದದ್ದು: ೨೦೧೪ ಏಪ್ರಿಲ್ ೩, ಬೆಳಿಗ್ಗೆ, ಜುಮಾಬೆಕ್ ಮೇಲೆ ಬಂದ.