ಮಠದ ಬಾಗಿಲು ಕಾಯುವವಳು

ಥಾರ್ನ್‌ಕೆಲ್ಡ್, ಯಾರ್ಕ್‌ಷೈರ್
ಆಗಸ್ಟ್ ೯, ಸನ್ಯಾಸಿಗಳ ದಿನ, ಮಧ್ಯಾಹ್ನ

ಪ್ರೀತಿಯ ಅಜ್ಜಿ,

ಸೊಂಟನೋವು ಹೇಗಿದೆ? ವಿಟ್ಬಿಯ ಸಮುದ್ರದ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಅತ್ತೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲು ಬಿಡುತ್ತಾಳೋ ಇಲ್ಲವೋ? ನಾನಂತೂ ಪಾಳು ಮಠದೊಳಗೆ, ನೀನು ವರ್ಷಾವರ್ಷ ಕೂರುತ್ತಿದ್ದ ಅದೇ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆಯವರೆಗೆ ಬಾಗಿಲು ತೆಗೆಯುವುದಿಲ್ಲ. ಫೋನನ್ನು ಅಪ್ಪ ಬೆಳಿಗ್ಗೆಯೇ ಕಿತ್ತುಕೊಂಡರು. "ಸನ್ಯಾಸಿಗಳ ಹತ್ರ ಫೋನ್ ಇತ್ತೇನೇ?" ಅಂತೆ. ಅವರ ಹತ್ತಿರ ಶಾಂಪೂನೂ ಇರಲಿಲ್ಲ, ಆದರೂ ನಾನು ತಲೆ ತೊಳೆದುಕೊಂಡೇ ಬಂದಿದ್ದೇನೆ!

ಈ ಸನ್ಯಾಸಿಗಳೆಂದರೆ ನನಗೆ ಎಷ್ಟು ಹುಚ್ಚು ಎಂದು ನಿನಗೆ ಗೊತ್ತು. ಊರಿಗೆ ಪ್ಲೇಗು ಹರಡಬಾರದೆಂದು ತಾವೇ ಬಾಗಿಲು ಹಾಕಿಕೊಂಡು ಒಳಗೇ ಸತ್ತವರು! ಸ್ಮಾರಕದ ಕಲ್ಲಿನ ಮೇಲಿರುವ ಅಷ್ಟೂ ಹೆಸರು ನನಗೆ ಬಾಯಿಪಾಠ. ಅಡುಗೆಯ ಬ್ರದರ್ ಆಸ್ವಿನ್ ನನ್ನ ಫೇವರಿಟ್. ಅವನ ಬಗ್ಗೆ ನಾನು ಹಾಕುವ ಮೆಸೇಜಿಗೆ ಹೆದರಿ ಗೆಳತಿಯರ ಗ್ರೂಪಿನಲ್ಲಿ ಅರ್ಧ ಜನ ನನ್ನನ್ನು ಮ್ಯೂಟ್ ಮಾಡಿದ್ದಾರೆ. ಅದಕ್ಕೇ ಈ ಒಂದು ವರ್ಷ ನಿನ್ನ ಬದಲು ಕೂರಲು ಕುಣಿದುಕೊಂಡು ಬಂದೆ. ಬದಲಿಗೆ ಕೂತವರು ಬಾಗಿಲ ಕಿಂಡಿಯಿಂದ ಕೊಟ್ಟ ಬ್ರೆಡ್ಡನ್ನು ಹಾಗೇ ಇಡಬೇಕು, ಮುರಿದರೆ ನಿನ್ನ ನಂತರ ಮಠದ ಕಾವಲು ಅವರದ್ದೇ ಎಂದು ನನಗೆ ಯಾರೂ ಹೇಳಲಿಲ್ಲ. ಹಸಿವಾಗಿತ್ತು, ಮುರಿದು ತಿಂದೆ. ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಬೇಕರಿಯ ಮಿಸೆಸ್ ಗಾರ್ಬಟ್ ಕಿಂಡಿಗೆ ಬಾಯಿಟ್ಟು, "ಅಯ್ಯೋ ನನ್ ಚಿನ್ನಾ, ಇನ್ನೆಲ್ಲಿಗ್ ಹೋಗ್ತೀಯ! ಸಾಯೋವರ್ಗೂ ನಮ್ಮೋಳೇ" ಅಂದಳು. ಮುಂದಿನ ತಿಂಗಳು ಗ್ಲಾಸ್ಗೋದಲ್ಲಿ ನನ್ನ ಕಾಲೇಜು ಶುರು ಎಂದು ಕೂಗಿದೆ. "ದಿನಾ ಬಾಗ್ಲು ತೆಗ್ಯೋರ್ ಯಾರು? ಸಂಜೆ ಗಂಟೆ ಹೊಡ್ಯೋರ್ ಯಾರು?" ಎಂದು ಅಪ್ಪನ ದನಿ. "ಗ್ಲಾಸ್ಗೋ ಎಲ್ಲೂ ಓಡ್ಹೋಗಲ್ಲ. ನೀನೇ ಮನಸಾರೆ ಮುರ್ದೆ ತಾನೆ?"

ಆಮೇಲೆ ಬೇರೆ ಕೆಲಸವಿಲ್ಲದೆ ಬಾಗಿಲನ್ನೇ ನೋಡುತ್ತ ಕೂತೆ. ಅಜ್ಜಿ, ಬಾಗಿಲ ಕಂಬಗಳ ಒಳಮೈ ನುಣ್ಣಗಿದೆ. ಅಗುಳಿ ಕೂರಿಸುವ ಗುಳಿ ಒಂದೂ ಇಲ್ಲ. ಗುಳಿಗಳಿರುವುದು ಹೊರಗಡೆ, ಚಿಕ್ಕವಳಿದ್ದಾಗ ಅವುಗಳಲ್ಲೇ ಕಾಲಿಟ್ಟು ಹತ್ತುತ್ತಿದ್ದೆನಲ್ಲ. ಒಳಗಿದ್ದವರು ಹೊರಗಿನ ಅಗುಳಿಯನ್ನು ಹೇಗೆ ಹಾಕಿಕೊಂಡರು? ಆಸ್ವಿನ್ ಈ ಕಿಂಡಿಯಿಂದ ಕೈ ಚಾಚಿ ಏನೆಂದು ಕೂಗಿರಬಹುದು? "ತಾವೇ ಬಾಗಿಲು ಹಾಕಿಕೊಂಡರು" ಎಂದು ಕಲ್ಲಿನ ಮೇಲೆ ಕೆತ್ತಿಸಿದವರು ಹೊರಗಿದ್ದವರ ಮೊಮ್ಮಕ್ಕಳು. ಇಷ್ಟು ವರ್ಷ ಈ ಬಾಗಿಲಿನ ಎದುರೇ ಕೂತಿದ್ದೆ ನೀನು, ನಿನಗೂ ಕಂಡಿರಲೇಬೇಕು. ಜಗಳಕ್ಕಲ್ಲ, ಸುಮ್ಮನೆ ಕೇಳುತ್ತಿದ್ದೇನೆ.

ಮಾತ್ರೆ ತಪ್ಪಿಸಬೇಡ. ಅತ್ತೆಗೂ ಅವಳ ಸಿಡುಕು ಬೆಕ್ಕಿಗೂ ನನ್ನ ಮುತ್ತು.

ನಿನ್ನ
ಬ್ರಯನಿ

ಮತ್ತೆ: ಹೊರಗೆ ಹೆಜ್ಜೆ ಸಪ್ಪಳ, ಬೇಗ ಬೇಗ ಗೀಚುತ್ತಿದ್ದೇನೆ. ಇವತ್ತು ಬಾಗಿಲಿಗೆ ಹಾಕಿರುವುದು ಅಪ್ಪನ ಸೈಕಲ್ ಬೀಗ. ಮಠದ ದೊಡ್ಡ ಕೀಲಿಕೈ ನಿನ್ನ ಪೆಟ್ಟಿಗೆಯಲ್ಲೇ ಇದೆ, ನೀನಾಗಿಯೇ ಅದನ್ನು ಕೊಡುವವರೆಗೆ ನಾನು ಕಾವಲಿನವಳಲ್ಲವಂತೆ, ಹೊರಗೆ ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಶನಿವಾರ ಅಪ್ಪ ಅದನ್ನು ಇಸಿದುಕೊಳ್ಳಲು ನಿನ್ನ ಹತ್ತಿರ ಬರುತ್ತಾರೆ. "ಬ್ರಯನೀನೇ ಕೇಳಿದ್ಳು" ಅನ್ನುತ್ತಾರೆ. ನಾನು ಕೇಳಿಲ್ಲ ಅಜ್ಜಿ.