ಖಾಲಿ ಚೌಕಗಳ ಪರೀಕ್ಷೆ

ಉಮ್ಮಚಗಿ
೨೮ ಮೇ ೨೦೦೭

ಚಿ. ನಮಿತಾಳಿಗೆ ಅಪ್ಪನ ಪ್ರೀತಿಯ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆಯಾಯಿತೆ? ಮೈಸೂರಿನ ತರಬೇತಿ ಕೇಂದ್ರದ ಊಟ ಈಗಲಾದರೂ ಹಿಡಿಸಿತೆ? ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿನ್ನ ಅಮ್ಮ ಹಲಸಿನ ಹಪ್ಪಳದ ಗಡಿಬಿಡಿಯಲ್ಲಿದ್ದರೂ ಒಳಗಿನಿಂದಲೇ "ಕೂಸು ಸರಿ ಉಣ್ತಾ ಇಲ್ಯಾ ಕೇಳಿ" ಎಂದು ಕೂಗಿದ್ದಾಳೆ. ಕೇಳಿದ್ದೇನೆ, ಉತ್ತರ ಅವಳಿಗೇ ಬರೆ. ಫೋನಿನಲ್ಲಿ ಇದನ್ನೆಲ್ಲ ಹೇಳಹೊರಟರೆ ಅವಳು ರಿಸೀವರ್ ಕಸಿದುಕೊಳ್ಳುತ್ತಾಳೆ, ಅದಕ್ಕೇ ಕಾಗದ.

ನೀನು ಹೇಳಿದಂತೆ ದುರ್ಗಿಯನ್ನು ಯಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ನಿನ್ನ ಶಾಲೆಗೇ ಮೊದಲಿಗಳಾಗಿ ಹತ್ತನೆಯ ತರಗತಿ ಪಾಸಾದ ಹುಡುಗಿ ವಿಜ್ಞಾನ ಬಿಟ್ಟು ಆರ್ಟ್ಸಿಗೆ ಹೋಗುತ್ತೇನೆಂದು ಹಟ ಹಿಡಿದರೆ, ನಿನಗಿಂತ ನನಗೇ ಹೆಚ್ಚು ಸಂಕಟ. ಅವಳಪ್ಪ ಹೊನ್ನ "ಅದ್ರ ಮನ್ಸಿಗೆ ಬಂದಂಗೆ ಮಾಡ್ಲಿ ಮಾಸ್ತರೆ" ಎಂದು ಸುಮ್ಮನಾಗಿದ್ದಾನೆ. ಅವಳ ಭಯ ಒಂದೇ. ಕಾಲೇಜಿನಲ್ಲಿ ಸೈನ್ಸ್ ಪೂರ್ತಿ ಇಂಗ್ಲಿಷು, ಇಂಗ್ಲಿಷ್ ಶಾಲೆಯಿಂದ ಬಂದ ಮಕ್ಕಳ ಮುಂದೆ ತಾನು ದಡ್ಡಿಯಾಗುತ್ತೇನೆ ಎಂದು.

ಬಸ್ ಸ್ಟ್ಯಾಂಡಿನ ಹತ್ತಿರ ನಾಗಪತಿ ಇಟ್ಟಿರುವ ಕಂಪ್ಯೂಟರ್ ಅಂಗಡಿಯಲ್ಲಿ, ನೀನು ಇಂಟರ್ನೆಟ್ಟಿಗೆ ಹಾಕಿದ ಕನ್ನಡದ ಆವರ್ತ ಕೋಷ್ಟಕವನ್ನು ತೆಗೆಸಿದೆ. ಅದು ತೆರೆದುಕೊಳ್ಳುವಷ್ಟರಲ್ಲಿ ನಾನು ಚಹಾ ಕುಡಿದು ಬಂದೆ. ಪ್ರತಿ ಮನೆಯಲ್ಲೂ ಮೇಲೆ ಮೂಲವಸ್ತುವಿನ ಸಂಕೇತ, ಕೆಳಗೆ ಇಂಗ್ಲಿಷ್ ಹೆಸರು, ನಡುವೆ ಕನ್ನಡದ ಹೆಸರಿರಬೇಕಾದಲ್ಲಿ ಸಾಲಾಗಿ ಪುಟ್ಟ ಪುಟ್ಟ ಖಾಲಿ ಚೌಕ. ನೋಡಿ ಬೀಗಿದೆ. ನಾನು ಶಾಲೆಯಲ್ಲಿದ್ದಾಗ ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ಖಾಲಿ ಕೋಷ್ಟಕ ಎಳೆದು ಮಕ್ಕಳಿಂದ ತುಂಬಿಸುತ್ತಿದ್ದೆನಲ್ಲ, ಮಗಳು ಅದನ್ನೇ ಕಂಪ್ಯೂಟರಿಗೆ ಏರಿಸಿದ್ದಾಳೆ ಎಂದುಕೊಂಡೆ. ನೂಲಿನಂತೆ ಸೀರೆ ಎನ್ನುವಾಗ ಜನ ತಾಯಿಯನ್ನು ಮಾತ್ರ ಹೇಳುತ್ತಾರೆ, ಅಪ್ಪನಿಗೂ ಒಂದು ಪಾಲು ಇರಲಿ. ಪ್ರಿಂಟ್ ಹಾಕಿಸಿ ದುರ್ಗಿಯ ಕೈಗೆ ಪೆನ್ನು ಕೊಟ್ಟು, "ನಿನ್ನ ಅಕ್ಕೋರು ಪರೀಕ್ಷೆ ಇಟ್ಟಿದ್ದಾರೆ ನೋಡು, ಬರಿ" ಎಂದೆ.

ಗೊತ್ತಿದ್ದವನ್ನು ಆರಿಸಿ ಆರಿಸಿ ಸರಸರ ಬರೆದಳು. ಕಬ್ಬಿಣಕ್ಕೆ ಬಂದು ನಿಂತಳು. "ಮ್ಯಾಲೆ Fe ಅಂತ ಅದೆ, ಕೆಳಗೆ ಐರನ್ ಅಂತ ಅದೆ. ಐರನ್ನಾಗೆ ಎಫ್ ಎಲ್ಲದೆ ಮಾಸ್ತರೆ?" ಅದು ಲ್ಯಾಟಿನ್, ಇಂಗ್ಲಿಷ್ ಅಲ್ಲ ಎಂದೆ. ಪಾಠ ಮಾಡುವಾಗ ನೀನೂ ಹೇಳಿರುತ್ತೀ, ಆದರೆ ಸಂಕೇತಗಳೆಲ್ಲ ಇಂಗ್ಲಿಷೇ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸೀಸ, ಚಿನ್ನ, ಪಾದರಸದ ಮನೆಗಳನ್ನೂ ನೋಡಿದಳು. ಆಮೇಲೆ ನಿಧಾನವಾಗಿ, "ಹಂಗಾರೆ ಇಂಗ್ಲಿಷ್ ಶಾಲೆ ಮಕ್ಳೂ ಇದ್ನ ಉರು ಹೊಡಿಯದೇಯಾ?" ಎಂದು ಕೇಳಿದಳು. ಹೌದು, ಅವರಿಗೂ ಇದು ಪರಭಾಷೆಯೇ ಎಂದೆ. ನಕ್ಕಳು. ಬಸ್ಸಿನಲ್ಲೂ ಆ ಹಾಳೆ ಹಿಡಿದೇ ಕೂತಿದ್ದಳು.

ಈ ವಾರದೊಳಗೆ ಕಾಲೇಜಿಗೆ ಅರ್ಜಿ ಕೊಡಬೇಕು. ನಾನು ಒತ್ತಾಯ ಮಾಡಿಲ್ಲ. ಹಾಗಂತ ಆ ಹುಡುಗಿ ಹೆದರಿ ಹಿಂದೆ ಸರಿದರೆ ನನಗೆ ಬಹಳ ದುಃಖವಾಗುತ್ತದೆ, ನಿನ್ನ ಹತ್ತಿರ ಮುಚ್ಚಿಡುವುದೇನು.

ಬಿಸಿನೀರನ್ನೇ ಕುಡಿ, ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕೆಡಿಸಿಕೊಳ್ಳಬೇಡ. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಜೊತೆಗಿದೆ.

ನಿನ್ನ ಅಪ್ಪ,
ಶಾಂತಾರಾಮ

ತಾ.ಕ.: ಕಾಗದ ಟಪಾಲಿಗೆ ಹಾಕುವುದು ಮೂರು ದಿನ ತಡವಾಯಿತು, ಒಳ್ಳೆಯದೇ ಆಯಿತು. ನಾಗಪತಿ ಸಿಕ್ಕಿದ್ದ. ಅವನ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲವಂತೆ, ಕನ್ನಡ ಇದ್ದಲ್ಲೆಲ್ಲ ಬರೀ ಚೌಕ ಬೀಳುತ್ತದಂತೆ. ನೀನು ಕಷ್ಟಪಟ್ಟು ಬರೆದ ಹೆಸರುಗಳನ್ನೇ ನಾನು ಪರೀಕ್ಷೆ ಎಂದುಕೊಂಡಿದ್ದೆ. ದುರ್ಗಿ ಈಗಷ್ಟೇ ಬಂದು ಹೋದಳು, ಸೈನ್ಸಿಗೇ ಅರ್ಜಿ ಕೊಟ್ಟಳಂತೆ. ಪೂರ್ತಿ ತುಂಬಿಸಿದ ಹಾಳೆಯನ್ನು ಅಕ್ಕೋರಿಗೆ ಕಳಿಸಿ ಎಂದು ಕೊಟ್ಟಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ಅವಳಿಗೆ ನಾನು ಏನೂ ಹೇಳಿಲ್ಲ. ಮಾರ್ಕು ಹಾಕಿ ಬೇಗ ಕಳಿಸು.