ಸೋಮಮ್ಮನ ಪಾಲಿನ ಕುರಿಗಳು

ಬಂಡೂರು
ಕಾರ್ತಿಕ ಸೋಮವಾರ, 1936

ಮದ್ದೂರಿನಲ್ಲಿರುವ ಮಗಳು ಸೋಮಮ್ಮನಿಗೆ ನಿನ್ನ ಅವ್ವ ಪಟ್ಟಲಮ್ಮ ಮನಸಾರೆ ಹರಸಿ ಬರೆಸುವುದು. ನಾನು ಹೇಳಿದಂತೆ ನಿನ್ನ ತಮ್ಮ ಅಂಕಯ್ಯ ಬರೆಯುತ್ತಿದ್ದಾನೆ.

ನಿನ್ನ ಕಾಗದ ಓದಿಸಿಕೊಂಡೆ. ಅಳಿಯ ಪುಟ್ಟಮಾದಯ್ಯನವರು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಲು ಸ್ವಂತ ಗಾಡಿ ಕೊಳ್ಳಬೇಕೆಂದಿದ್ದಾರೆ, ನನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ ಹಣ ಕಳಿಸು ಎಂದಿದ್ದೀಯ. ಆಸೆ ಕೆಟ್ಟದ್ದಲ್ಲ. ನಾಲೆ ನೀರು ಬಂದಮೇಲೆ ಗಾಡಿ ಇದ್ದವನಿಗೆ ಬಿಡುವೇ ಇಲ್ಲವಂತೆ. ಆದರೂ ಎಲ್ಲವನ್ನೂ ಮಾರಲು ನನಗೆ ಮನಸ್ಸಿಲ್ಲ.

ನಿಮ್ಮಪ್ಪನ ಹೊಲ ಅಂಕಯ್ಯನಿಗೆ. ಹೆಣ್ಣಿಗೆ ಹೊಲ ಕೊಡುವ ರೂಢಿ ನಮ್ಮಲ್ಲಿಲ್ಲ. ಮದುವೆಯಲ್ಲಿ ಬಳುವಳಿಯೆಂದು ನಿನಗೆ ಒಂದು ಹೆಣ್ಣುಕುರಿ ಕೊಟ್ಟೆವು. ಅದು ಇಲ್ಲೇ ಮೇಯ್ದು, ಮರಿ ಹಾಕಿ, ಈಗ ಹಿಂಡಾಗಿದೆ. ಪುಣ್ಯವಂತ ಕುರಿ. ಪ್ರತಿ ಮರಿಯ ಕಿವಿಯಲ್ಲೂ ನಿನ್ನ ಗುರುತು ಕತ್ತರಿಸಿದ್ದೇನೆ. ಊರಲ್ಲಿ ಯಾರನ್ನು ಕೇಳಿದರೂ ಸೋಮಮ್ಮನ ಕುರಿ ಎನ್ನುತ್ತಾರೆ.

ಹಣವಾದರೆ ಹಾಗಲ್ಲ ಮಗಳೇ. ನನ್ನ ಬಳುವಳಿ ಹಸುವನ್ನು ಮಾರಿದ ದುಡ್ಡನ್ನು ನಾನು ಕಣ್ಣಲ್ಲೂ ಕಾಣಲಿಲ್ಲ. ಕೇಳಿದ್ದಕ್ಕೆ ನಮ್ಮತ್ತೆ, ನಿಮ್ಮಜ್ಜಿ, "ಮನೆಗ್ ಬಂದ್ಮೇಲೆ ನಂದು ನಿಂದು ಅಂತ ಏನೈತೆ, ಬುಡು" ಎಂದರು. ಮಾತು ದೊಡ್ಡದು. ನಾನು ಮಾತ್ರ ಹರಿದ ಸೀರೆಯನ್ನೇ ಉಟ್ಟೆ.

ಅದಕ್ಕೇ ಹೀಗೆ ಮಾಡೋಣ. ಟಗರುಗಳನ್ನು ಮಾರಿ ಅಂಕಯ್ಯನ ಕೈಯಲ್ಲಿ ಹಣ ಕಳಿಸುತ್ತೇನೆ. ಹಳೆಯ ಗಾಡಿಯೊಂದು ಸಿಕ್ಕೀತು. ಹೆಣ್ಣುಕುರಿಗಳು ಇಲ್ಲೇ ಇರಲಿ. ಗಂಡುಮರಿ ಬಡ್ಡಿ, ಹೆಣ್ಣುಕುರಿ ಅಸಲು. ಅಸಲು ತಿಂದ ಮನೆ ಉದ್ಧಾರವಾದದ್ದನ್ನು ನಾನಂತೂ ನೋಡಿಲ್ಲ. ಅಳಿಯಂದಿರು ಮುನಿಸಿಕೊಂಡರೆ ನನ್ನ ಹೆಸರು ಹೇಳು. ಮುದುಕಿ ಜಿಪುಣಿ ಎನ್ನಲಿ, ಪರವಾಗಿಲ್ಲ.

ಬಿಡುವಾದಾಗ ಬಂದು ಹೋಗು. ನಿನ್ನನ್ನು ನೋಡಬೇಕೆಂದು ಬಹಳ ಅನಿಸಿದೆ.

ಇಂತಿ, ನಿನ್ನ ಅವ್ವ
ಪಟ್ಟಲಮ್ಮ (ಹೆಬ್ಬೆಟ್ಟು)

ಮತ್ತೊಂದು ಮಾತು: ಅಕ್ಕ, ಇದು ಅಂಕಯ್ಯನಾದ ನಾನೇ ಬರೆಯುವುದು. ಅವ್ವ ಹೆಬ್ಬೆಟ್ಟು ಒತ್ತಿ ಕುರಿ ಮೇಯಿಸಲು ಹೋಗಿದ್ದಾಳೆ. ನಿನ್ನ ಬಳುವಳಿ ಕುರಿ ಮದುವೆಯಾದ ವರ್ಷವೇ ರೋಗ ಬಂದು ಸತ್ತಿತು. ನಿನಗೆ ಹೇಳಕೂಡದೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ತನ್ನ ಮುಪ್ಪಿಗಿರಲೆಂದು ಇಟ್ಟುಕೊಂಡಿದ್ದ ಒಂದೇ ಕುರಿಯ ಕಿವಿಗೆ ಅವತ್ತೇ ನಿನ್ನ ಗುರುತು ಹಾಕಿದಳು. ಈ ಹಿಂಡೆಲ್ಲ ಅದರದು. ಅವ್ವನದು ಅಂತ ಈಗ ಏನೂ ಇಲ್ಲ. ಟಗರಿನ ಹಣ ತರುತ್ತೇನೆ. ಬೇಡವೆನ್ನಬೇಡ, ನಾನು ಹೇಳಿಬಿಟ್ಟೆನೆಂದು ಅವ್ವನಿಗೆ ಗೊತ್ತಾಗಿಬಿಡುತ್ತದೆ.